ಗಾಡಿ ಎಲ್ಲಿ ನಿಂತಿತು? ಕಂಪ್ಯೂಟರ್ ಏಳದ ಬೆಳಿಗ್ಗೆ ಲಾಗ್ ಓದುವ ಬಗೆ

ಗದಗ-ಬೆಟಗೇರಿಯಲ್ಲಿ ಮುದ್ರಣಾಲಯಗಳಿಗೆ ಬರವಿಲ್ಲ. ಅಂಥ ಒಂದು ಪ್ರೆಸ್ಸಿನಿಂದ ಲಗ್ನದ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ನನಗೆ ಫೋನ್ ಬಂತು. ಲಗ್ನಪತ್ರಿಕೆ ಜೋಡಿಸುವ ಕಂಪ್ಯೂಟರ್ ಶುರುವಾಗಲು ಇಪ್ಪತ್ತು ನಿಮಿಷ ಹಿಡಿಯುತ್ತಿದೆ, ಎರಡು ಸಲ ನಡುವೆಯೇ ಆರಿಹೋಗಿದೆ ಎಂದರು. ಹುಬ್ಬಳ್ಳಿಯಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ಮೂರು ತೀರ್ಪು ಸಿದ್ಧವಾಗಿದ್ದವು. ಮಾಲೀಕರ ಪ್ರಕಾರ ವೈರಸ್. ಅಕ್ಷರ ಜೋಡಿಸುವ ಹುಡುಗನ ಪ್ರಕಾರ ರ‍್ಯಾಮ್. ಅವನು ಆಗಲೇ ಅದನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಳದಿ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸಿದ್ದ. ಪಕ್ಕದ ಓಣಿಯಿಂದ ಬಂದಿದ್ದ ರಿಪೇರಿಯವರ ತೀರ್ಪು ಎಲ್ಲಕ್ಕಿಂತ ಚಿಕ್ಕದು: ಫಾರ್ಮ್ಯಾಟ್ ಮಾಡಿಬಿಡೋಣ. ಆ ಡಿಸ್ಕಿನಲ್ಲಿ ಹತ್ತಾರು ವರ್ಷಗಳ ಪತ್ರಿಕೆಗಳು, ನುಡಿ ತಂತ್ರಾಂಶದಲ್ಲಿ ಬೆರಳಚ್ಚಾದ ಸಾವಿರಾರು ವಧೂವರರ ಹೆಸರುಗಳು ಇದ್ದವು. ಯಂತ್ರ ತಾನೇ ಬರೆದಿಟ್ಟಿದ್ದ ಹೇಳಿಕೆಯನ್ನು ಮಾತ್ರ ಯಾರೂ ತೆರೆದು ನೋಡಿರಲಿಲ್ಲ.

ಆ ಹೇಳಿಕೆಯ ಹೆಸರು ಲಾಗ್. ಕಂಪ್ಯೂಟರ್ ಎದ್ದ ಗಳಿಗೆಯಿಂದ ಮಲಗುವವರೆಗೆ ತನ್ನ ಕೆಲಸಗಳನ್ನು ಹೊತ್ತು ಹಾಕಿ ಸಾಲುಸಾಲಾಗಿ ಬರೆದುಕೊಳ್ಳುವ ದಿನಚರಿ ಅದು. ಅದನ್ನು ಓದುವುದು ಕಷ್ಟವೇನಲ್ಲ; ಏನನ್ನು ಹುಡುಕಬೇಕು ಎಂಬುದು ಗೊತ್ತಿಲ್ಲದಿದ್ದರೆ ಮಾತ್ರ ಅದು ಕಾಡು.

ನಾನು ಅಂದು ಬಂದ ರೈಲಿನ ದಾರಿಯನ್ನೇ ನೋಡಿ. ಹುಬ್ಬಳ್ಳಿ ಬಿಟ್ಟ ಗಾಡಿ ಅಣ್ಣಿಗೇರಿ, ಹುಲಕೋಟಿ ದಾಟಿ ಗದಗ ಸೇರಬೇಕು. ಹೊತ್ತಾದರೂ ಬರಲಿಲ್ಲ ಎನ್ನೋಣ. ಗದಗಿನ ನಿಲ್ದಾಣದಲ್ಲಿ ಕೂತು ಎಂಜಿನ್ ಕೆಟ್ಟಿರಬೇಕು, ಹಳಿ ತಪ್ಪಿರಬೇಕು ಎಂದು ಊಹಿಸುತ್ತ ಹೋಗಬಹುದು. ಆದರೆ ಪ್ರತಿ ನಿಲ್ದಾಣದಲ್ಲೂ ಗಾಡಿ ಬಂದ ಹೊತ್ತು, ಬಿಟ್ಟ ಹೊತ್ತು ಬರೆದಿಡುವ ಪುಸ್ತಕವಿದೆ. ಅಣ್ಣಿಗೇರಿ ಬಿಟ್ಟದ್ದು ಬರೆದಿದೆ, ಹುಲಕೋಟಿಗೆ ಬಂದದ್ದು ಬರೆದಿಲ್ಲ ಎಂದಾದರೆ ಹುಡುಕಬೇಕಾದ ಜಾಗ ಅವೆರಡರ ನಡುವೆ ಮಾತ್ರ. ಏಕೆ ನಿಂತಿತು ಎಂಬುದು ಆಮೇಲಿನ ಪ್ರಶ್ನೆ. ಎಲ್ಲಿಯವರೆಗೆ ಬಂದಿತ್ತು ಎಂಬುದು ಮೊದಲನೆಯದು. ಲಾಗಿನಲ್ಲಿ ಕೆಂಪಗೆ ಕಾಣುವ ಸಾಲಿಗಿಂತ, ಸರಿಯಾಗಿ ಮುಗಿದ ಕೊನೆಯ ಸಾಲು ನನಗೆ ಎಷ್ಟೋ ಸಲ ಹೆಚ್ಚು ಹೇಳಿದೆ.

ಕಂಪ್ಯೂಟರಿನ ದಾರಿಯಲ್ಲಿರುವ ನಿಲ್ದಾಣಗಳು ಇವು. ಗುಂಡಿ ಒತ್ತಿದೊಡನೆ ಮದರ್‌ಬೋರ್ಡಿನ ಮೇಲಿನ ಫರ್ಮ್‌ವೇರ್ ಏಳುತ್ತದೆ. ಅದು ಚಿಪ್ಪಿನಲ್ಲೇ ಬರೆದಿಟ್ಟ ಮೂಲ ತಂತ್ರಾಂಶ; ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಈಚಿನವುಗಳಲ್ಲಿ ಯುಇಎಫ್‌ಐ. ಅದು ರ‍್ಯಾಮ್, ಡಿಸ್ಪ್ಲೇ, ಡಿಸ್ಕು ಇವೆಯೇ ಎಂದು ತಪಾಸಣೆ ಮಾಡಿ ಕಾರ್ಯವ್ಯವಸ್ಥೆಯನ್ನು ಎಬ್ಬಿಸುವ ಬೂಟ್ ಲೋಡರಿಗೆ ಕೆಲಸ ಒಪ್ಪಿಸುತ್ತದೆ. ವಿಂಡೋಸ್‌ನಲ್ಲಿ ಅದು ಬೂಟ್ ಮ್ಯಾನೇಜರ್, ವಿಂಡೋಸಿನಂಥ ಇನ್ನೊಂದು ಕಾರ್ಯವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಗ್ರಬ್. ಲೋಡರ್ ಹೋಗಿ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ಲನ್ನು ಎಬ್ಬಿಸುತ್ತದೆ. ಕರ್ನಲ್ ಯಂತ್ರದ ಭಾಗಗಳನ್ನು ನಡೆಸುವ ತನ್ನ ಡ್ರೈವರ್‌ಗಳನ್ನು ಹಚ್ಚಿ ಡಿಸ್ಕನ್ನು ಕೈಗೆ ತೆಗೆದುಕೊಳ್ಳುತ್ತದೆ. ಕೊನೆಗೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ಹತ್ತಾರು ಸೇವೆಗಳು ಮೇಲೆದ್ದು, ಪಾಸ್‌ವರ್ಡ್ ಕೇಳುವ ಪರದೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ನಿಲ್ದಾಣಗಳಲ್ಲಿ, ನಾವು ಆಮೇಲೆ ತೆರೆದು ಓದುವ ಪುಸ್ತಕದಲ್ಲಿ ಬರೆಯುವವರೇ ಇಲ್ಲ. ಕರ್ನಲ್ ಎದ್ದ ಮೇಲೆಯೇ ಬರವಣಿಗೆ ಶುರು. ಅದಕ್ಕೆ ಮೊದಲು ಯಂತ್ರ ಮಾತನಾಡುವುದು ಬೀಪ್ ಸದ್ದಿನಲ್ಲಿ, ಮದರ್‌ಬೋರ್ಡಿನ ಸಣ್ಣ ದೀಪಗಳಲ್ಲಿ, ಕಪ್ಪು ಪರದೆಯ ಒಂದೆರಡು ಬಿಳಿ ಸಾಲುಗಳಲ್ಲಿ. ಆದ್ದರಿಂದ ಬರವಣಿಗೆ ಇಲ್ಲದಿರುವುದೂ ಒಂದು ಸಾಕ್ಷ್ಯ. ಇಂದು ಬೆಳಿಗ್ಗೆ ಐದು ಸಲ ಗುಂಡಿ ಒತ್ತಿದ್ದೀರಿ, ಲಾಗಿನಲ್ಲಿ ಇಂದಿನ ತಾರೀಖಿನ ಒಂದು ಸಾಲೂ ಇಲ್ಲ ಎಂದರೆ ಗಾಡಿ ಹುಬ್ಬಳ್ಳಿಯ ಪ್ಲಾಟ್‌ಫಾರ್ಮನ್ನೇ ಬಿಟ್ಟಿಲ್ಲ. ಆ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ ಎನ್ನುವುದು ಬೇರೆ ಮಾತು. ಅಲ್ಲಿ ಹುಡುಕಲು ಜಾಗ ಸಾಕಷ್ಟಿದೆ: ಯಂತ್ರಕ್ಕೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್, ರ‍್ಯಾಮ್, ಮದರ್‌ಬೋರ್ಡ್, ಬೂಟ್ ಲೋಡರ್, ಇಲ್ಲವೇ ಬರೆಯಬೇಕಾದ ಡಿಸ್ಕೇ ಕೈಕೊಟ್ಟಿರುವುದು. ಹುಡುಗನ ರಬ್ಬರಿಗೆ ಸಲ್ಲುವ ಜಾಗ ಇದು. ಪ್ರೆಸ್ಸಿನ ಯಂತ್ರವಾದರೋ ತಡವಾಗಿಯಾದರೂ ಡೆಸ್ಕ್‌ಟಾಪ್ ತೋರಿಸುತ್ತಿತ್ತು. ಇಪ್ಪತ್ತು ನಿಮಿಷಕ್ಕಾದರೂ ಗದಗ ಸೇರುವ ಗಾಡಿಗೆ ರಬ್ಬರ್ ಬೇಕಿರಲಿಲ್ಲ.

ಅದು ವಿಂಡೋಸ್ ಯಂತ್ರ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲೇ ಇವೆಂಟ್ ವ್ಯೂವರ್ ಇರುತ್ತದೆ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ತೆರೆದ ಕೂಡಲೇ ಕೆಂಪು, ಹಳದಿ ಗುರುತುಗಳ ಸಾಲು ಕಂಡು ಮಾಲೀಕರು "ನೋಡಿದಿರಾ, ಎಲ್ಲಾ ವೈರಸ್ಸೇ" ಎಂದರು. ಅಲ್ಲ. ಆರೋಗ್ಯವಾಗಿರುವ ಯಂತ್ರದಲ್ಲೂ ಈ ಗುರುತುಗಳು ದಿನವೂ ಬೀಳುತ್ತವೆ. 10016 ಎಂಬ ಸಂಖ್ಯೆಯ ಸಾಲು ಬಹುತೇಕ ಎಲ್ಲ ಯಂತ್ರಗಳಲ್ಲೂ ಇರುತ್ತದೆ. ಅದನ್ನು ಲೆಕ್ಕಿಸಬೇಕಿಲ್ಲ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ. ಕಂಪನಿಯವರೆಂದು ಸುಳ್ಳು ಹೇಳಿ ಫೋನ್ ಮಾಡುವ ವಂಚಕರು ಜನರಿಂದ ತೆರೆಸುವುದು ಇದೇ ಕಿಟಕಿಯನ್ನು. ಕೆಂಪು ಗುರುತು ತೋರಿಸಿ ಹೆದರಿಸಿ ಹಣ ಕೀಳುತ್ತಾರೆ. ಆದ್ದರಿಂದ ಬಣ್ಣವನ್ನು ಬಿಟ್ಟು ಸಂಖ್ಯೆಯನ್ನು ಹಾಗೂ ಹೊತ್ತನ್ನು ಹಿಡಿಯಬೇಕು.

ಶುರುವಾತಿನ ತೊಂದರೆಗೆ ನಾನು ಮೊದಲು ಹುಡುಕುವ ಸಂಖ್ಯೆಗಳು ಕೆಲವೇ. 6005 ಎಂದರೆ ಲಾಗ್ ಬರೆಯುವ ಸೇವೆ ಎದ್ದಿತು. ಯಂತ್ರ ಶುರುವಾಯಿತು ಎಂದೇ ಓದಿಕೊಳ್ಳಬಹುದು. 6006 ಎಂದರೆ ಆ ಸೇವೆ ಕ್ರಮವಾಗಿ ನಿಂತಿತು, ಅಂದರೆ ಯಂತ್ರ ಸರಿಯಾಗಿ ಮಲಗಿತು. 1074 ಇದ್ದರೆ ಯಾರೋ ಅಥವಾ ಯಾವುದೋ ಪ್ರೋಗ್ರಾಂ ಕೇಳಿಕೊಂಡು ಬಂದ್ ಮಾಡಿಸಿದೆ. 6008 ಎಂದರೆ ಹಿಂದಿನ ಸಲ ಯಂತ್ರ ಅನಿರೀಕ್ಷಿತವಾಗಿ ನಿಂತಿತ್ತು. ಇವನ್ನಷ್ಟೇ ಸೋಸಿ ನೋಡಿದರೆ ಯಂತ್ರ ಎದ್ದದ್ದು ಮಲಗಿದ್ದು ಒಂದು ಹಾಜರಿ ಪುಸ್ತಕದಂತೆ ಕಣ್ಣ ಮುಂದೆ ಬರುತ್ತದೆ.

ಇವುಗಳ ಜೊತೆ 41 ಎಂಬ ಸಂಖ್ಯೆಯಿದೆ. ಕರ್ನಲ್-ಪವರ್ ಎಂಬ ಹೆಸರಿನಲ್ಲಿ, ಕ್ರಿಟಿಕಲ್ ಎಂಬ ಭಾರೀ ಪಟ್ಟದೊಂದಿಗೆ ಬರುತ್ತದೆ. ಇದನ್ನು ಕಂಡೊಡನೆ ಎಸ್‌ಎಂಪಿಎಸ್ ಬದಲಿಸಿದವರು ಎಷ್ಟೋ ಜನ. ಆದರೆ 41 ಕಾರಣವನ್ನು ಹೇಳುವುದಿಲ್ಲ. ಯಂತ್ರ ಮತ್ತೆ ಎದ್ದ ಮೇಲೆ, ಹಿಂದಿನ ಸಲ ತಾನು ಕ್ರಮವಾಗಿ ಮಲಗಿರಲಿಲ್ಲ ಎಂದು ಬರೆದುಕೊಳ್ಳುವ ಸಾಲು ಅಷ್ಟೇ. ಎಚ್ಚರ ತಪ್ಪಿ ಬಿದ್ದವನು ಎದ್ದ ಮೇಲೆ 'ಬಿದ್ದಿದ್ದೆ' ಎನ್ನುತ್ತಾನೆ, ಏಕೆ ಬಿದ್ದೆ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ಅದರ ವಿವರಗಳನ್ನು ಬಿಚ್ಚಿದರೆ ಮಾತ್ರ ಸ್ವಲ್ಪ ಹೆಚ್ಚು ಸಿಗುತ್ತದೆ. ಬಗ್‌ಚೆಕ್‌ಕೋಡ್ ಎಂಬ ಜಾಗದಲ್ಲಿ ಸೊನ್ನೆಯಲ್ಲದ ಅಂಕಿಯಿದ್ದರೆ ವಿಂಡೋಸ್ ಕುಸಿದಾಗ ಕಾಣುವ ನೀಲಿ ಪರದೆ ಬಂದು ನಿಂತದ್ದು. ಅಂಕಿ ದಶಮಾನದಲ್ಲಿರುತ್ತದೆ, ಹುಡುಕುವಾಗ ಹದಿನಾರರ ಎಣಿಕೆಗೆ ತಿರುಗಿಸಿಕೊಳ್ಳಬೇಕು. 159 ಇದ್ದರೆ ಅದು 9ಎಫ್, ಅಂದರೆ ಯಾವುದೋ ಡ್ರೈವರ್ ಮಲಗುವ ಏಳುವ ಹೊತ್ತಿನಲ್ಲಿ ಮೊಂಡು ಹಿಡಿದಿದೆ ಎಂದರ್ಥ. ಎಲ್ಲ ಸೊನ್ನೆಯಾಗಿದ್ದರೆ ಬರೆದುಕೊಳ್ಳಲು ಪುರುಸೊತ್ತೇ ಸಿಗದಂತೆ ವಿದ್ಯುತ್ ಕಡಿದಿರಬಹುದು, ಇಲ್ಲವೇ ಯಂತ್ರ ಪೂರ್ತಿ ಸೆಟೆದು ನಿಂತಿರಬಹುದು.

ಇನ್ನೊಂದು ಜಾಗವಿದೆ, ಪವರ್‌ಬಟನ್‌ಟೈಮ್‌ಸ್ಟ್ಯಾಂಪ್. ಅಲ್ಲಿ ಸೊನ್ನೆಯ ಬದಲು ಉದ್ದನೆಯ ಅಂಕಿಯಿದ್ದರೆ ಯಾರೋ ಪವರ್ ಗುಂಡಿಯನ್ನು ಒತ್ತಿ ಹಿಡಿದಿದ್ದಾರೆ. ಪ್ರೆಸ್ಸಿನ ಯಂತ್ರದಲ್ಲಿ 41 ಎರಡು ಸಲ ಬಿದ್ದಿತ್ತು. ಎರಡರಲ್ಲೂ ಆ ಜಾಗದಲ್ಲಿ ಉದ್ದನೆಯ ಅಂಕಿ. ನಾನು ತಿರುಗಿ ಅಕ್ಷರ ಜೋಡಿಸುವ ಹುಡುಗನನ್ನು ನೋಡಿದೆ. ಅವನು ನೆಲ ನೋಡಿದ. ಕಾದು ಕಾದು ಬೇಸತ್ತು ಅವನೇ ಗುಂಡಿ ಅದುಮಿ ಹಿಡಿದಿದ್ದ, ಮಾಲೀಕರಿಗೆ ತಾನಾಗಿಯೇ ಆರಿತು ಎಂದಿದ್ದ. ಅಲ್ಲಿಗೆ ಎರಡು ದೂರುಗಳಲ್ಲಿ ಒಂದು ಬಿದ್ದುಹೋಯಿತು. ಉಳಿದದ್ದು ನಿಧಾನ.

ನಿಧಾನಕ್ಕೆ ಬೇರೆಯದೇ ಪುಸ್ತಕವಿದೆ. ಅದೇ ಇವೆಂಟ್ ವ್ಯೂವರಿನ ಒಳಗೆ ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್ ಎಂದು ಇಳಿದರೆ ಡಯಾಗ್ನಾಸ್ಟಿಕ್ಸ್-ಪರ್ಫಾರ್ಮೆನ್ಸ್ ಸಿಗುತ್ತದೆ. ಅಲ್ಲಿ 100 ಎಂಬ ಸಂಖ್ಯೆಯ ಸಾಲು ಶುರುವಾಗಲು ಹಿಡಿದ ಹೊತ್ತನ್ನು ಮಿಲಿಸೆಕೆಂಡುಗಳಲ್ಲಿ ಹೇಳುತ್ತದೆ. ಅದರ ಹಿಂದೆಮುಂದೆ 101 ಇದ್ದರೆ ಯಾವುದೋ ಅಪ್ಲಿಕೇಶನ್ ತಡ ಮಾಡಿದೆ, 102 ಆದರೆ ಡ್ರೈವರ್, 103 ಆದರೆ ಸೇವೆ. ಒಂದೇ ಹೆಸರು ಪದೇಪದೇ ಬಂದರೆ ಅಪರಾಧಿ ಸಿಕ್ಕಂತೆ. ಪ್ರೆಸ್ಸಿನಲ್ಲಿ ಹಾಗಾಗಲಿಲ್ಲ. ಒಂದು ದಿನ ಒಂದು ಹೆಸರು, ಮರುದಿನ ಇನ್ನೊಂದು. ಯಾರನ್ನು ಕೇಳಿದರೂ ತಡವೇ ಎಂದಾಗ ಎಲ್ಲರೂ ನಡೆಯುವ ರಸ್ತೆಯನ್ನೇ ನೋಡಬೇಕಾಗುತ್ತದೆ. ಇಲ್ಲಿ ರಸ್ತೆ ಎಂದರೆ ಡಿಸ್ಕು.

ಮರಳಿ ಸಿಸ್ಟಮ್ ಲಾಗಿಗೆ ಬಂದು, ಡಿಸ್ಕ್ ಎಂಬ ಮೂಲದ ಸಾಲುಗಳನ್ನು ಮಾತ್ರ ಸೋಸಿದೆ. 153, 153, 153, ನಡುವೆ ಒಂದು 7. 153 ಎಂದರೆ ಓದುವ ಅಥವಾ ಬರೆಯುವ ಕೆಲಸ ಒಂದೇ ಸಲಕ್ಕೆ ಆಗದೆ ಮತ್ತೆ ಪ್ರಯತ್ನಿಸಬೇಕಾಯಿತು. 7 ಎಂದರೆ ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಇದೆ. ಹಿಂದಿನ ವಾರ ದಿನಕ್ಕೆ ಒಂದೆರಡು ಇದ್ದದ್ದು ಆ ಬೆಳಿಗ್ಗೆಯ ಹೊತ್ತಿಗೆ ಪುಟಗಟ್ಟಲೆ ಆಗಿತ್ತು. ಹಾರ್ಡ್ ಡಿಸ್ಕ್ ಸಾಯುತ್ತಿತ್ತು. ಅಂಥ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದೆಂದರೆ ಏದುಸಿರು ಬಿಡುತ್ತಿರುವ ಎತ್ತಿಗೆ ಮತ್ತೆ ನೊಗ ಹೂಡಿದಂತೆ. ಕಡತಗಳೂ ಹೋಗುತ್ತವೆ, ಹೊಸ ವಿಂಡೋಸ್ ಕೂಡ ಹೆಚ್ಚು ದಿನ ಉಳಿಯುವುದಿಲ್ಲ. ಕಡತಗಳನ್ನು ಮೊದಲು ಬೇರೆ ಡಿಸ್ಕಿಗೆ ಇಳಿಸಿಕೊಂಡು, ಆಮೇಲೆ ಹೊಸ ಎಸ್‌ಎಸ್‌ಡಿ ಹಾಕಿದೆವು. ಮೂರು ಕಡತ ಮಾತ್ರ ತೆರೆಯಲಿಲ್ಲ. ಮೂರೂ ಹಳೆಯ ಜವಳದ ಆಮಂತ್ರಣಗಳು. ಆ ಮಕ್ಕಳಿಗೆ ಈಗ ಮೀಸೆ ಬಂದಿರಬೇಕು ಎಂದು ಮಾಲೀಕರು ನಕ್ಕರು.

ವಿಂಡೋಸ್ ಬಿಡುವ ಮೊದಲು ಇನ್ನೊಂದು ಮಾತು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ ಪೂರ್ತಿ ಆರುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಕಟ್ಟಿಟ್ಟು ಮರುದಿನ ಬಿಚ್ಚಿಕೊಳ್ಳುತ್ತದೆ. ನಿನ್ನೆಯ ಹುಳುಕು ಇಂದಿಗೂ ಹಾಗೆಯೇ ಉಳಿದು ಬರಬಹುದು. ರೀಸ್ಟಾರ್ಟ್ ಮಾಡಿದಾಗ ಸರಿ, ಶಟ್‌ಡೌನ್ ಮಾಡಿ ಎಬ್ಬಿಸಿದಾಗ ತೊಂದರೆ ಎಂಬ ವಿಚಿತ್ರ ದೂರುಗಳಿಗೆ ಎಷ್ಟೋ ಸಲ ಇದೇ ಕಾರಣ. ಕರ್ನಲ್-ಬೂಟ್ ಮೂಲದ 27ನೇ ಸಂಖ್ಯೆಯ ಸಾಲು ಅದನ್ನು ಹೇಳುತ್ತದೆ: ಬೂಟ್ ಬಗೆ 0 ಇದ್ದರೆ ಪೂರ್ತಿ ಹೊಸದಾಗಿ ಎದ್ದದ್ದು, 1 ಇದ್ದರೆ ಫಾಸ್ಟ್ ಸ್ಟಾರ್ಟಪ್, 2 ಇದ್ದರೆ ತೆರೆದ ಕೆಲಸವನ್ನೆಲ್ಲ ಡಿಸ್ಕಿಗೆ ಕಟ್ಟಿಟ್ಟು ಮಲಗುವ ಹೈಬರ್ನೇಶನ್‌ನಿಂದ ಮರಳಿದ್ದು.

ಲಿನಕ್ಸ್ ಯಂತ್ರಗಳು ಇನ್ನೂ ಬಾಯಾಳಿ. ಅವುಗಳ ಲಾಗ್ ಪದ್ಧತಿಯ ಬೇರು 1980ರ ದಶಕದಲ್ಲಿದೆ. ಎರಿಕ್ ಆಲ್ಮನ್ ತಮ್ಮ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶಕ್ಕಾಗಿ ಬರೆದ ಸಿಸ್‌ಲಾಗ್ ಮುಂದೆ ಎಲ್ಲರ ಪದ್ಧತಿಯಾಯಿತು. 0ಯಿಂದ 7ರವರೆಗಿನ ಎಂಟು ಗಂಭೀರತೆಯ ಮಟ್ಟಗಳು ಅಲ್ಲಿಂದಲೇ ಬಂದವು: 0 ಎಂದರೆ ಮನೆಗೆ ಬೆಂಕಿ, 3 ಎಂದರೆ ತಪ್ಪು, 7 ಎಂದರೆ ತಂತ್ರಜ್ಞರ ಸ್ವಗತ. 2010ರಲ್ಲಿ ಬಂದ ಸಿಸ್ಟಮ್‌ಡಿ ಈಗ ಹೆಚ್ಚಿನ ಲಿನಕ್ಸ್‌ಗಳಲ್ಲಿ ಕರ್ನಲ್ಲಿನ ನಂತರ ಏಳುವ ಮೊದಲ ಪ್ರೋಗ್ರಾಂ. ಅದರ ದಿನಚರಿಯನ್ನು ಓದುವ ಆಜ್ಞೆ ಜರ್ನಲ್‌ಸಿಟಿಎಲ್. ಅದರ ಮುಂದೆ ಅಡ್ಡಗೆರೆ ಮತ್ತು ಬಿ ಅಕ್ಷರ ಸೇರಿಸಿದರೆ ಈ ಸಲ ಎದ್ದಾಗಿನದು ಮಾತ್ರ. ಅದರ ಮುಂದೆ -1 ಎಂದು ಸೇರಿಸಿದರೆ ಹಿಂದಿನ ಸಲದ್ದು. ಕೆಟ್ಟದ್ದು ಹಿಂದಿನ ಸಲವಾದ್ದರಿಂದ ಹೆಚ್ಚಾಗಿ ಬೇಕಾಗುವುದು ಎರಡನೆಯದೇ. ಕೆಲವು ಯಂತ್ರಗಳಲ್ಲಿ ವಾರ್ ಎಂಬ ಕೋಶದ ಲಾಗ್ ಒಳಗೆ ಜರ್ನಲ್ ಎಂಬ ಉಪಕೋಶ ಇರುವುದಿಲ್ಲ. ಹಾಗಿದ್ದರೆ ದಿನಚರಿ ರ‍್ಯಾಮಿನಲ್ಲೇ ಇದ್ದು ಯಂತ್ರ ಆರಿದೊಡನೆ ಅಳಿಸಿಹೋಗುತ್ತದೆ. ತೊಂದರೆ ಬರುವ ಮೊದಲೇ ಆ ಕೋಶವನ್ನು ಮಾಡಿಡುವುದು ಒಳ್ಳೆಯದು.

ಧಾರವಾಡದ ಒಂದು ಪ್ರಯೋಗಾಲಯದಲ್ಲಿ ನಡೆದದ್ದು ಇದಕ್ಕೆ ಚೆನ್ನಾದ ಉದಾಹರಣೆ. ರಜೆಯಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟು ಇರುವ ಎಂಟು ಯಂತ್ರಗಳಿಂದ ಎರಡನೆಯ ಹಾರ್ಡ್ ಡಿಸ್ಕನ್ನು ತೆಗೆದು ಬೇರೆ ಕೆಲಸಕ್ಕೆ ಬಳಸಿದ್ದರು. ಕಾಲೇಜು ಶುರುವಾದ ದಿನ ಎಂಟೂ ಯಂತ್ರಗಳು ಒಂದೇ ರೀತಿ ಹಟ ಹಿಡಿದವು: ಪರದೆಯ ಮೇಲೆ ಸ್ಟಾರ್ಟ್ ಜಾಬ್ ಎಂಬ ಸಾಲು, ಅದರ ಪಕ್ಕ ಓಡುವ ಗಡಿಯಾರ, ಒಂದೂವರೆ ನಿಮಿಷ ತುಂಬುತ್ತಲೇ ಎಮರ್ಜೆನ್ಸಿ ಮೋಡ್. ವೈರಸ್ ಎಂಬ ಮಾತು ಅಲ್ಲೂ ಹುಟ್ಟಿತು. ಲಾಗಿನಲ್ಲಿದ್ದದ್ದು ಸರಳ. ಎಫ್‌ಎಸ್‌ಟ್ಯಾಬ್ ಎಂಬ ಕಡತ ಯಂತ್ರದ ಅತಿಥಿಗಳ ಪಟ್ಟಿ. ಏಳುವಾಗ ಯಾವ ಯಾವ ಡಿಸ್ಕನ್ನು ಎಲ್ಲಿ ಕೂರಿಸಬೇಕು ಎಂಬುದು ಅಲ್ಲಿರುತ್ತದೆ. ತೆಗೆದುಹಾಕಿದ ಡಿಸ್ಕಿನ ಹೆಸರು ಪಟ್ಟಿಯಲ್ಲಿ ಹಾಗೆಯೇ ಉಳಿದಿತ್ತು. ಸಿಸ್ಟಮ್‌ಡಿ ಅದಕ್ಕಾಗಿ 90 ಸೆಕೆಂಡು ಬಾಗಿಲಲ್ಲಿ ಕಾದು, ಬರಲಿಲ್ಲವೆಂದು ಇಡೀ ಸಮಾರಂಭವನ್ನೇ ನಿಲ್ಲಿಸಿತ್ತು. ಆ ಸಾಲನ್ನು ತೆಗೆದರೆ ಮುಗಿಯಿತು. ಆಗಾಗ ತೆಗೆದು ಹಾಕುವ ಡಿಸ್ಕಾದರೆ ಅದೇ ಸಾಲಿನಲ್ಲಿ ನೋಫೇಲ್ ಎಂದು ಸೇರಿಸಿದರೆ, ಬರದಿದ್ದರೂ ಊಟ ಬಡಿಸಿ ಎಂದಂತೆ.

ನಿಧಾನವನ್ನು ಅಳೆಯಲು ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ-ಅನಲೈಜ್ ಇದೆ. ಅದಕ್ಕೆ ಬ್ಲೇಮ್ ಎಂದು ಸೇರಿಸಿದರೆ ಹೆಚ್ಚು ಹೊತ್ತು ತೆಗೆದುಕೊಂಡ ಸೇವೆಗಳ ಪಟ್ಟಿ ಬರುತ್ತದೆ. ಹೆಸರೇ ದೂರುವಂತಿರುವುದರಿಂದ ಜನ ಮೊದಲ ಸಾಲಿನವನನ್ನು ಹಿಡಿದು ಬಡಿಯುತ್ತಾರೆ. ಅದು ತಪ್ಪು. ಸೇವೆಗಳು ಒಂದರ ಹಿಂದೆ ಒಂದಲ್ಲ, ಒಟ್ಟೊಟ್ಟಿಗೆ ಏಳುತ್ತವೆ. ಹಬ್ಬದ ಅಡುಗೆಯಲ್ಲಿ ನಾಲ್ಕು ಒಲೆ ಉರಿಯುತ್ತಿರುತ್ತವೆ. ಹೋಳಿಗೆಗೆ ಬೇಳೆ ಬೇಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೆ ಅದನ್ನು ಬೆಳಗಿನ ಜಾವವೇ ಇಟ್ಟಿದ್ದರೆ ಊಟ ತಡವಾದದ್ದು ಅದರಿಂದಲ್ಲ. ಬಾಳೆಎಲೆ ತರಲು ಹೋದವನು ಬರಲಿಲ್ಲವಾದ್ದರಿಂದ ಪಂಕ್ತಿ ಕಾದಿದೆ. ಯಾರು ಯಾರಿಗಾಗಿ ಕಾದರು ಎಂಬ ಆ ಸರಪಳಿಯನ್ನು ತೋರಿಸುವುದು ಕ್ರಿಟಿಕಲ್-ಚೈನ್ ಎಂಬ ಇನ್ನೊಂದು ಪದ. ನಾನು ಬ್ಲೇಮ್ ಪಟ್ಟಿಯನ್ನು ಕುತೂಹಲಕ್ಕೆ ನೋಡುತ್ತೇನೆ, ಕೈಹಾಕುವುದು ಸರಪಳಿಯನ್ನು ನೋಡಿದ ಮೇಲೆ.

ಲಾಗ್ ಸುಳ್ಳು ಹೇಳುವುದೂ ಉಂಟು, ಅದಕ್ಕೆ ಗಡಿಯಾರ ಕಾರಣ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಕಂಪ್ಯೂಟರ್ ಬಿಚ್ಚಿದಾಗ ಮೊದಲು ನಾನು ಸೀನಿದೆ. ಮೆಣಸಿನಕಾಯಿ ಪೇಟೆಯ ನಡುವೆ ವರ್ಷಗಟ್ಟಲೆ ಕೂತ ಯಂತ್ರ. ಫ್ಯಾನಿನ ರೆಕ್ಕೆಗಳ ಮೇಲೆ ಕೆಂಪು ಪುಡಿಯ ಪದರ. ಮುಚ್ಚಳ ಬಿಚ್ಚುವ ಮೊದಲೇ ಲಾಗ್ ನೋಡಿದ್ದೆ. ಅಂದಿನ ತಾರೀಖಿನಲ್ಲಿ ಏನೂ ಇರಲಿಲ್ಲ. ಮೇಲೆ ಹೇಳಿದ ಸೂತ್ರದ ಪ್ರಕಾರ ಗಾಡಿ ಪ್ಲಾಟ್‌ಫಾರ್ಮ್ ಬಿಟ್ಟಿಲ್ಲ ಎನ್ನಬೇಕು, ಆದರೆ ಯಂತ್ರ ಕಣ್ಣೆದುರೇ ಡೆಸ್ಕ್‌ಟಾಪ್ ತೋರಿಸುತ್ತಿದೆ! ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿತ್ತು. ರಾತ್ರಿ ವಿದ್ಯುತ್ ತೆಗೆದೊಡನೆ ಗಡಿಯಾರ ವರ್ಷಗಳ ಹಿಂದಕ್ಕೆ ಹೋಗಿ, ಇಂದಿನ ಸಾಲುಗಳೆಲ್ಲ ಹಳೆಯ ತಾರೀಖು ಹಾಕಿಕೊಂಡು ಪಟ್ಟಿಯ ತಳದಲ್ಲಿ ಅಡಗಿದ್ದವು. ಜಾಲತಾಣಗಳು ತೆರೆಯುತ್ತಿಲ್ಲ, ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತಿದೆ ಎಂಬ ಅಂಗಡಿಯವರ ಎರಡನೆಯ ದೂರೂ ಅದೇ ಗಡಿಯಾರದ ಕೂಸು. ಇಂಥಲ್ಲಿ ಹೊತ್ತನ್ನು ನಂಬದೆ ಕ್ರಮಸಂಖ್ಯೆಯನ್ನು ನಂಬಬೇಕು. ವಿಂಡೋಸ್‌ನ ಪ್ರತಿ ಸಾಲಿನ ವಿವರದಲ್ಲಿ ಇವೆಂಟ್‌ರೆಕಾರ್ಡ್‌ಐಡಿ ಎಂಬ ಅಂಕಿಯಿರುತ್ತದೆ. ಗಡಿಯಾರ ಹಿಂದೆ ಹೋದರೂ ಅದು ಮುಂದೆಯೇ ಹೋಗುತ್ತದೆ. ಲಿನಕ್ಸ್‌ನಲ್ಲಾದರೆ ತಾರೀಖಿನ ಬದಲು ಕರ್ನಲ್ ಎದ್ದಾಗಿನಿಂದ ಎಣಿಸಿದ ಸೆಕೆಂಡುಗಳನ್ನೇ ತೋರಿಸು ಎಂದು ಕೇಳಬಹುದು.

ಆ ಅಂಗಡಿಯ ಯಂತ್ರ ಎದ್ದ ಕೆಲವು ನಿಮಿಷಕ್ಕೆ ಆರುತ್ತಲೂ ಇತ್ತು. ಬಿಸಿಯಿಂದ ಆರಿದರೆ ವಿಂಡೋಸ್ ಕೆಲವೊಮ್ಮೆ ಕರ್ನಲ್-ಪವರ್ 86 ಎಂದು ಬರೆದಿಡುತ್ತದೆ. ಇಲ್ಲಿ ಬರೆದಿರಲಿಲ್ಲ, ಬರೀ 41, ಎಲ್ಲ ಸೊನ್ನೆ. ಬಿಸಿ ಮಿತಿಮೀರಿ ಹಾರ್ಡ್‌ವೇರ್ ತಾನೇ ವಿದ್ಯುತ್ ಕಡಿದರೂ ಹೀಗೆಯೇ, ಎಸ್‌ಎಂಪಿಎಸ್ ಸೋತರೂ ಹೀಗೆಯೇ, ಊರಿನ ಕರೆಂಟ್ ಹೋದರೂ ಹೀಗೆಯೇ. ಲಾಗಿನ ಕೆಲಸ ಅಲ್ಲಿಗೆ ಮುಗಿಯಿತು, ಸ್ಕ್ರೂಡ್ರೈವರಿನದು ಶುರುವಾಯಿತು. ಪುಡಿ ಝಾಡಿಸಿ, ಪ್ರೊಸೆಸರಿನ ಮೇಲೆ ಹೊಸ ಪೇಸ್ಟ್ ಹಚ್ಚಿ, ಸೆಲ್ ಬದಲಿಸಿದ ಮೇಲೆ ಆರಲಿಲ್ಲ.

ಯಂತ್ರ ಏಳುವುದೇ ಇಲ್ಲ ಎಂದಾದರೆ ಲಾಗ್ ತೆರೆಯುವುದು ಹೇಗೆ? ಪೆನ್ ಡ್ರೈವಿನಿಂದ, ಡಿಸ್ಕಿಗೆ ಹಾಕದೆಯೇ ನಡೆಯುವ ಒಂದು ಲೈವ್ ಲಿನಕ್ಸ್ ಎಬ್ಬಿಸಿ. ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ವಿನ್‌ಇವಿಟಿ, ಅದರೊಳಗೆ ಲಾಗ್ಸ್. ಅಲ್ಲಿರುವ ಸಿಸ್ಟಮ್ ಎಂಬ ಕಡತವನ್ನು ನಕಲು ಮಾಡಿಕೊಂಡು ಬೇರೆ ಯಾವ ವಿಂಡೋಸ್ ಯಂತ್ರದಲ್ಲಿ ಎರಡು ಸಲ ಒತ್ತಿದರೂ ತೆರೆದುಕೊಳ್ಳುತ್ತದೆ. ಲಿನಕ್ಸ್ ಯಂತ್ರವಾದರೆ ಜರ್ನಲ್‌ಸಿಟಿಎಲ್‌ಗೆ ಆ ಡಿಸ್ಕಿನ ಜರ್ನಲ್ ಕೋಶವನ್ನು ತೋರಿಸಿದರೆ ಸಾಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಮಾತ್ರ 48 ಅಂಕಿಗಳ ರಿಕವರಿ ಕೀ ಇಲ್ಲದೆ ಇದ್ಯಾವುದೂ ನಡೆಯದು. ಅದನ್ನು ಇಂದೇ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಲಾಗ್ ಶುರುವಾಗುವ ಮೊದಲೇ ನಿಲ್ಲುವ ಯಂತ್ರವಾದರೆ ಪರದೆಯ ಕೊನೆಯ ಸಾಲಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ. ರಿಪೇರಿಯವರಿಗೆ 'ಏನೋ ಇಂಗ್ಲಿಷಿನಲ್ಲಿ ಬಂತು' ಎನ್ನುವುದಕ್ಕಿಂತ ಅದು ವಾಸಿ.

ಗದಗಿನ ಪ್ರೆಸ್ಸಿನ ಹುಡುಗ ಮೊನ್ನೆ ಬೆಳಿಗ್ಗೆ ಮತ್ತೆ ಫೋನ್ ಮಾಡಿದ. "ಸರ್, 41 ಬಂದಿದೆ. ಬಟನ್ ಜಾಗದಲ್ಲಿ ಸೊನ್ನೆ ಇದೆ, ನೀವೇ ನೋಡಿ, ಈ ಸಲ ನಾನಲ್ಲ" ಎಂದು ಫೋಟೋವನ್ನೂ ಕಳುಹಿಸಿದ್ದ. ಅದಕ್ಕೆ ಮೊದಲಿನ ಕೊನೆಯ ಸಾಲು ಎಷ್ಟು ಗಂಟೆಯದು ಎಂದು ಕೇಳಿದೆ. ರಾತ್ರಿ 9 ಗಂಟೆ 12 ನಿಮಿಷದ್ದು. ಆ ಹೊತ್ತಿಗೆ ಬೆಟಗೇರಿಯಲ್ಲಿ ಕರೆಂಟ್ ಹೋಗಿತ್ತಂತೆ. ಯುಪಿಎಸ್ ಬ್ಯಾಟರಿ ಯಾವ ವರ್ಷದ್ದು ನೋಡು ಎಂದೆ.